ದೀಪ ನುಂಗುವ ಕರಟ: ಮಕ್ಕಳ ನಾಟಕಕ್ಕೆ ಮಾಯದ ಬೆಳಕು ಕಟ್ಟುವ ಬಗೆ

ಘಟ್ಟದ ಕಾಡಿನಿಂದ ಇಳಿದು ಬರುವ ಮುದುಕಿ ಕರಾವಳಿಯ ಊರೊಂದರ ದೀಪಗಳನ್ನು ಒಂದೊಂದಾಗಿ ತನ್ನ ಕರಟದೊಳಗೆ ಸೇರಿಸಿಕೊಳ್ಳುತ್ತಾಳೆ. ಏಳು ಮನೆ, ಏಳು ದೀಪ. ಕಡೆಯ ದೃಶ್ಯದಲ್ಲಿ ಒಬ್ಬ ಹುಡುಗಿ ಅದೇ ಕರಟ ಹಿಡಿದು ಅವರವರ ಬೆಳಕನ್ನು ಅವರವರ ಮನೆಗೆ ಹಿಂದಿರುಗಿಸುತ್ತಾಳೆ. ಶಿರಸಿಯಲ್ಲಿ ಮಕ್ಕಳು ಆಡಿದ ಇಂಥದೊಂದು ಮಾಯದ ನಾಟಕಕ್ಕಾಗಿ ಕಟ್ಟಿದ ಸಲಕರಣೆಯ ವಿವರ ಇದು.

ಕಥೆಗೆ ಇರುವುದು ಒಂದೇ ನಿಯಮ: ಬೆಳಕು ಸಾಯುವುದಿಲ್ಲ, ಜಾಗ ಬದಲಿಸುತ್ತದೆ. ದೀಪದಲ್ಲಿಲ್ಲದ ಬೆಳಕು ಕರಟದಲ್ಲಿರಬೇಕು. ಕಟ್ಟುವಾಗ ಗಂಟುಬಿದ್ದ ಪ್ರಶ್ನೆಗಳಿಗೆಲ್ಲ ಉತ್ತರ ಸಿಕ್ಕಿದ್ದು ಈ ನಿಯಮದಿಂದಲೇ. ರಿಮೋಟ್ ಒತ್ತಿ ದೀಪ ಆರಿಸುವುದಷ್ಟೇ ಆಗಿದ್ದರೆ ಅಂಗಡಿಯಲ್ಲಿ ಸಿಗುವ ರಿಮೋಟ್ ಬಲ್ಬು ಸಾಕಿತ್ತು. ಅದರಲ್ಲಿ ದೀಪ ಆರುತ್ತದೆ, ಆದರೆ ಬೆಳಕು ಎಲ್ಲಿಗೆ ಹೋಯಿತೆಂದು ಯಾರಿಗೂ ಕಾಣುವುದಿಲ್ಲ.

ಯಂತ್ರದ ಭಾಗಗಳು ಮೂರು: ಕೈಯಲ್ಲಿ ಹಿಡಿಯುವ ಕರಟ, ಒಂದೊಂದರಲ್ಲೂ ಸ್ವಂತ ಬ್ಯಾಟರಿ ಇರುವ ಏಳು ಲಾಟೀನು, ಪರದೆಯ ಹಿಂದೆ ಇಡುವ ಒಂದು ಕಾವಲು ಡಬ್ಬಿ. 230 ವೋಲ್ಟಿನ ತಂತಿ ಎಲ್ಲೂ ಇಲ್ಲ. ಮಕ್ಕಳು ಎತ್ತಿಕೊಂಡು ಓಡಾಡುವ ವಸ್ತುವಿನಲ್ಲಿ ಅದು ಇರಲೂ ಬಾರದು. ಮಳೆಗಾಲದ ಶಿರಸಿಯಲ್ಲಿ ಕರೆಂಟು ಹೋದರೂ ದೃಶ್ಯ ನಿಲ್ಲುವುದಿಲ್ಲ ಎನ್ನುವುದು ಇದರಿಂದ ಸಿಗುವ ಇನ್ನೊಂದು ಲಾಭ.

ಹಿತ್ತಾಳೆ ಬಿಟ್ಟು ಕರಟ ಹಿಡಿದದ್ದು ಯಾಕೆ

ಮೊದಲು ಯೋಚಿಸಿದ್ದು ಕವಳದ ತಟ್ಟೆಯಲ್ಲಿರುವಂಥ ಹಿತ್ತಾಳೆಯ ಸುಣ್ಣದ ಡಬ್ಬಿ. ನೋಡಲು ಬಲು ಚಂದ, ಮುಚ್ಚಳ 'ಟಕ್' ಎನ್ನುವ ಸದ್ದೂ ಕಥೆಗೆ ಒಪ್ಪುತ್ತದೆ. ಆದರೆ ಮುಚ್ಚಳ ಹಾಕಿದ ಕೂಡಲೇ ರೇಡಿಯೊ ಸಂಕೇತ ಒಳಗೇ ಉಳಿಯಿತು. ಇಲ್ಲಿ ಬಳಸುವ ಅಲೆ 2.4 ಗಿಗಾಹರ್ಟ್ಸ್‌ನದು, ಅದರ ಉದ್ದ ಸುಮಾರು 12.5 ಸೆಂಟಿಮೀಟರ್. ಸುತ್ತಲೂ ಲೋಹ, ಎಲ್ಲೋ ಒಂದೆರಡು ಮಿಲಿಮೀಟರಿನ ಸಂದು ಎಂದಾದರೆ ಈ ಅಲೆಗೆ ಹೊರಬರಲು ದಾರಿಯೇ ಇಲ್ಲ. ಆಂಟೆನಾವನ್ನು ಮಾತ್ರ ತಂತಿಯಲ್ಲಿ ಹೊರಗೆ ತರಬಹುದಿತ್ತು, ಆದರೆ ಮಾಂತ್ರಿಕ ವಸ್ತುವಿಗೆ ಬಾಲ ಹಚ್ಚಿದ ಹಾಗಾಗುತ್ತದೆ.

ತೆಂಗಿನ ಕರಟ ರೇಡಿಯೊ ಅಲೆಯನ್ನು ತಡೆಯುವುದಿಲ್ಲ. ಉಜ್ಜಿದರೆ ಹಳೆಯ ಮನೆಗಳ ಕರಟದ ಸೌಟಿನಂತೆ ಕಪ್ಪಗೆ ಮಿನುಗುತ್ತದೆ. ಎಲ್ಲಕ್ಕಿಂತ ದೊಡ್ಡದು, ಅದಕ್ಕೆ ಹುಟ್ಟಿನಿಂದಲೇ ಮೂರು ಕಣ್ಣಿವೆ. ಬೆಳಕು ಒಳಹೋಗುವುದಕ್ಕೂ ಹೊರಬರುವುದಕ್ಕೂ ಅದಕ್ಕಿಂತ ಒಳ್ಳೆಯ ಬಾಗಿಲು ಹುಡುಕಿದರೂ ಸಿಗದು.

ಕರಟ ಸಿದ್ಧಮಾಡುವುದು

ಒಳಗಿನ ಕೊಬ್ಬರಿ ಪೂರ್ತಿ ಒಣಗಿ, ಅಲ್ಲಾಡಿಸಿದರೆ ಗಡಗಡ ಎನ್ನುವ ಕಾಯಿ ಬೇಕು. ಹಸಿಕಾಯಿಯ ಕರಟ ಒಣಗುತ್ತ ಹೋದಂತೆ ಆಕಾರ ಬದಲಿಸುತ್ತದೆ, ಕೂಡಿಸಿದ ಅಂಚು ಬಾಯಿಬಿಡುತ್ತದೆ. ಜುಟ್ಟು, ನಾರು ತೆಗೆದ ಮೇಲೆ ಅಡ್ಡಳತೆ 9 ಸೆಂಟಿಮೀಟರಿನ ಆಸುಪಾಸಿನಲ್ಲಿರಲಿ. ಅದಕ್ಕಿಂತ ದೊಡ್ಡದು ಹತ್ತು ಹನ್ನೆರಡು ವರ್ಷದ ಮಕ್ಕಳ ಒಂದು ಕೈಗೆ ಕೂರುವುದಿಲ್ಲ. ಅದಕ್ಕಿಂತ ಚಿಕ್ಕದರಲ್ಲಿ ಬೋರ್ಡು, ಬ್ಯಾಟರಿ ಎರಡೂ ಹಿಡಿಯುವುದಿಲ್ಲ.

ಕಾಯಿಯ ಮೇಲೆ ಕಣ್ಣುಗಳ ನಡುವಿನಿಂದ ಹೊರಟು ಬುಡದ ತನಕ ಹೋಗುವ ಮೂರು ಏಣುಗಳಿರುತ್ತವೆ. ಕಾಯಿ ಒಡೆಯುವವರು ಪೆಟ್ಟು ಹಾಕುವುದು ಅಲ್ಲಿಗೇ. ನಮಗೆ ಬೇಕಾದ್ದು ಅದರ ತದ್ವಿರುದ್ಧ. ಏಣಿನ ಮೇಲಾಗಲಿ ಅದರಿಂದ 5 ಮಿಲಿಮೀಟರ್ ಒಳಗಾಗಲಿ ಯಾವ ತೂತೂ ಬೀಳಬಾರದು. ಬಿದ್ದರೆ ಕರಟ ಅಂದೇ ಸೀಳದಿದ್ದರೂ ಕೈಜಾರಿ ಒಮ್ಮೆ ಬಿದ್ದಾಗ ಅಲ್ಲಿಂದಲೇ ಸೀಳುತ್ತದೆ. ಮೊದಲೇ ಏಣುಗಳ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದಿಟ್ಟುಕೊಳ್ಳಿ. ಉಜ್ಜಿ ನಯವಾದ ಮೇಲೆ ಏಣು ಎಲ್ಲಿತ್ತೆಂದು ಗುರುತು ಹಿಡಿಯುವುದು ಕಷ್ಟ.

ಕೊಯ್ಯುವ ಜಾಗ ನಡುಮಧ್ಯವಲ್ಲ. ಕಣ್ಣಿರುವ ಭಾಗ ಮೂರರಲ್ಲಿ ಎರಡು ಪಾಲು, ಬುಡದ ಭಾಗ ಒಂದು ಪಾಲು ಬರುವಂತೆ ಸುತ್ತಲೂ ಬಟ್ಟೆಟೇಪು ಸುತ್ತಿ, ಟೇಪಿನ ಅಂಚು ಹಿಡಿದು ಹ್ಯಾಕ್ಸಾದಲ್ಲಿ ಕೊಯ್ಯಿರಿ. ಇಂಚಿಗೆ 24 ಹಲ್ಲಿನ ಬ್ಲೇಡು ಸರಿ. ದೊಡ್ಡ ಹಲ್ಲಿನದು ಅಂಚನ್ನು ಕಚ್ಚಿ ಚಕ್ಕೆ ಎಬ್ಬಿಸುತ್ತದೆ. ಒಂದೇ ಕಡೆಯಿಂದ ಆಳಕ್ಕೆ ಹೋಗದೆ ಕಾಯಿ ತಿರುಗಿಸುತ್ತ ಸುತ್ತಲೂ ಸಮನಾಗಿ ಇಳಿಸಬೇಕು. ಒಣಗಿದ ಗಿಟುಕು ಇಡಿಯಾಗಿಯೇ ಹೊರಬರುತ್ತದೆ.

ಮೂರು ಕಣ್ಣುಗಳಲ್ಲಿ ಮೆತ್ತಗಿರುವುದು ಒಂದೇ, ಮೊಳಕೆ ಬರುವ ಕಣ್ಣು. ಅದು ಸ್ಕ್ರೂಡ್ರೈವರಿನ ತುದಿಗೇ ಬಿಡುತ್ತದೆ. ಉಳಿದೆರಡನ್ನು 3, 6, 8 ಮಿಲಿಮೀಟರಿನ ಬಿಟ್ಟುಗಳಲ್ಲಿ ಹಂತಹಂತವಾಗಿ, ನಿಧಾನ ವೇಗದಲ್ಲಿ, ಒಳಗಿನಿಂದ ಮರದ ತುಂಡು ಒತ್ತಿಹಿಡಿದು ಕೊರೆಯಬೇಕು.

ಹೊರಮೈಯ ನಾರನ್ನು ಒಡೆದ ಗಾಜಿನ ಚೂರಿನ ಅಂಚಿನಿಂದ ಹೆರೆದರೆ ಮರಳು ಕಾಗದಕ್ಕಿಂತ ಬೇಗ ಹೋಗುತ್ತದೆ (ಕೈಗವಸು ಹಾಕಿಕೊಳ್ಳಿ, ಈ ಕೆಲಸ ಮಕ್ಕಳಿಗೆ ಬೇಡ). ಆಮೇಲೆ 80, 150, 320, 600 ನಂಬರಿನ ಕಾಗದ. ಧೂಳು ಬಹಳ ಸಣ್ಣ, ಮೂಗಿಗೆ ಬಟ್ಟೆ ಕಟ್ಟಲೇಬೇಕು.

ಎರಡು ಭಾಗ ಕೂಡಿಸಲು ಬುಡದ ಭಾಗದ ಒಳಗೋಡೆಗೆ ಬೆತ್ತದ ಸೀಳಿನ ಉಂಗುರ ಅಂಟಿಸಿ, 6 ಮಿಲಿಮೀಟರ್ ಮೇಲಕ್ಕೆ ನಿಲ್ಲಲಿ. ಮೇಲಿನ ಭಾಗ ಅದರ ಮೇಲೆ ಬಿಗಿಯಾಗಿ ಕೂರುತ್ತದೆ. ಬೆತ್ತವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಬಗ್ಗಿಸಿ ಕಟ್ಟಿ, ಪೂರ್ತಿ ಒಣಗಿದ ಮೇಲೆಯೇ ಅಂಟಿಸಬೇಕು. ಅಂಟು ಎರಡು ಟ್ಯೂಬಿನ ಎಪಾಕ್ಸಿ. ಹೊರಗೆ ಎಣ್ಣೆ ಹಚ್ಚುವುದು ಅಂಟಿನ ಕೆಲಸ ಮುಗಿದ ಮೇಲೆ, ಮೊದಲು ಹಚ್ಚಿದರೆ ಅಂಟು ಹಿಡಿಯುವುದಿಲ್ಲ. ತೆಂಗಿನೆಣ್ಣೆ ಬೇಡ, ಅದು ಒಣಗದೆ ಜಿಡ್ಡಾಗಿ ಉಳಿದು ಬೆವರಿದ ಕೈಯಲ್ಲಿ ಜಾರುತ್ತದೆ. ಅಗಸೆ ಎಣ್ಣೆ ತೆಳ್ಳಗೆ ಎರಡು ಸಲ, ನಡುವೆ ಎರಡು ದಿನ ಬಿಟ್ಟು. ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆಯ ಬಟ್ಟೆ ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲದು. ಬಿಡಿಸಿ ತಂತಿಯ ಮೇಲೆ ಒಣಹಾಕಿ.

ಕರಟದ ಹೊಟ್ಟೆಯೊಳಗೆ

ಮಿದುಳು ವೆಮೋಸ್ ಡಿ1 ಮಿನಿ ಬೋರ್ಡು, ಅದರ ಮೇಲಿರುವುದು ಇಎಸ್‌ಪಿ8266 ಚಿಪ್ಪು. ಬೆಳಕಿಗೆ ಏಳು ಡಬ್ಲ್ಯುಎಸ್2812ಬಿ ಎಲ್‌ಇಡಿ ಇರುವ 23 ಮಿಲಿಮೀಟರಿನ ದುಂಡು ಬಿಲ್ಲೆ. ಏಳು ದೀಪಕ್ಕೆ ಏಳು ಎಲ್‌ಇಡಿ, ಒಂದಕ್ಕೊಂದು ಲೆಕ್ಕ. ಬ್ಯಾಟರಿ 3.7 ವೋಲ್ಟ್, 500 ಮಿಲಿಆಂಪ್-ಅವರ್‌ನ ಚಪ್ಪಟೆ ಲಿಥಿಯಂ ಪಾಲಿಮರ್. ಚಾರ್ಜಿಂಗಿಗೆ ಟಿಪಿ4056 ಬೋರ್ಡು, ರಕ್ಷಣೆಯ ಚಿಪ್ಪಿರುವ ಆರು ಬಿಂದುಗಳದು. ನಾಲ್ಕು ಬಿಂದುವಿನದು ಬೇಡ. ಇವುಗಳ ಜೊತೆಗೆ ಒಂದು ಒತ್ತುಗುಂಡಿ, ಒಂದು ಜಾರುಸ್ವಿಚ್ಚು, 470 ಮೈಕ್ರೋಫ್ಯಾರಡ್ 10 ವೋಲ್ಟಿನ ಕೆಪಾಸಿಟರ್, ರೆಸಿಸ್ಟರ್ 390 ಓಮಿನದು ಒಂದು, 100 ಕಿಲೋಓಮಿನದು ಒಂದು, 4.7 ಕಿಲೋಓಮಿನದು ಒಂದು. ಎಲ್‌ಇಡಿ ಪಟ್ಟಿ, ತಂತಿ, ಸ್ವಿಚ್ಚು ಶಿರಸಿ ಪೇಟೆಯಲ್ಲೇ ಸಿಗುತ್ತವೆ. ಬೋರ್ಡುಗಳನ್ನು ಹುಬ್ಬಳ್ಳಿಯಿಂದಲೋ ಅಂಚೆಯಲ್ಲೋ ತರಿಸಿಕೊಳ್ಳಬೇಕು.

ಟಿಪಿ4056 ಬೋರ್ಡು ಬರುವಾಗ 1 ಆಂಪ್ ಚಾರ್ಜಿಗೆ ಹೊಂದಿಸಿರುತ್ತದೆ. 500 ಮಿಲಿಆಂಪ್-ಅವರ್ ಸೆಲ್ಲಿಗೆ ಅದು ಎರಡು ಪಟ್ಟು ಹೊರೆ, ಸೆಲ್ಲು ಬಿಸಿಯಾಗಿ ಉಬ್ಬುತ್ತದೆ. ಬೋರ್ಡಿನ ಮೇಲೆ '122' ಎಂದು ಬರೆದ 1.2 ಕಿಲೋಓಮ್ ರೆಸಿಸ್ಟರ್ ತೆಗೆದು ಅಲ್ಲಿ 4.7 ಕಿಲೋಓಮ್ ಹಾಕಿದರೆ ಚಾರ್ಜು ಸುಮಾರು 250 ಮಿಲಿಆಂಪಿಗೆ ಇಳಿಯುತ್ತದೆ. ಎರಡೂವರೆ ಗಂಟೆ ಬೇಕು, ಸೆಲ್ಲು ತಣ್ಣಗಿರುತ್ತದೆ. ಈ ಒಂದು ಬದಲಾವಣೆ ಬಿಡಬೇಡಿ.

ಜೋಡಣೆ ಹೀಗೆ. ಟಿಪಿ4056ರ ಔಟ್‌ಪ್ಲಸ್‌ನಿಂದ ಜಾರುಸ್ವಿಚ್ಚಿನ ಮೂಲಕ ಡಿ1 ಮಿನಿಯ 5ವಿ ಬಿಂದುವಿಗೂ ಎಲ್‌ಇಡಿ ಬಿಲ್ಲೆಯ ಪ್ಲಸ್‌ಗೂ. ಎಲ್ಲ ಮೈನಸ್‌ಗಳು ಒಂದೇ ಕಡೆ. ಕೆಪಾಸಿಟರ್ 5ವಿ ಮತ್ತು ಮೈನಸ್ ನಡುವೆ, ಬೋರ್ಡಿಗೆ ಆದಷ್ಟು ಹತ್ತಿರ. ರೇಡಿಯೊ ಸಂಕೇತ ಕಳಿಸುವ ಗಳಿಗೆಯಲ್ಲಿ ಚಿಪ್ಪು ಇದ್ದಕ್ಕಿದ್ದಂತೆ ಹೆಚ್ಚು ಕರೆಂಟು ಎಳೆಯುತ್ತದೆ, ಕೆಪಾಸಿಟರ್ ಇಲ್ಲದಿದ್ದರೆ ಬೋರ್ಡು ಅಲ್ಲೇ ಮರುಚಾಲೂ ಆಗುತ್ತದೆ. ಗುಂಡಿ ಬೋರ್ಡಿನ ಡಿ1 ಎಂಬ ಬಿಂದು ಮತ್ತು ಮೈನಸ್ ನಡುವೆ. ಎಲ್‌ಇಡಿಯ ಡೇಟಾ ಡಿ2ರಿಂದ 390 ಓಮ್ ಮೂಲಕ. ಡಿ3, ಡಿ4, ಡಿ8ರ ಹತ್ತಿರ ಹೋಗಬೇಡಿ, ಚಿಪ್ಪು ಎದ್ದೇಳುವಾಗ ಅವುಗಳ ಸ್ಥಿತಿ ನೋಡಿಕೊಂಡು ಏಳುತ್ತದೆ. ಗುಂಡಿಯನ್ನು ಡಿ3ಕ್ಕೆ ಕೊಟ್ಟು, ಸ್ವಿಚ್ಚು ಹಾಕುವಾಗ ಹೆಬ್ಬೆರಳು ಅದರ ಮೇಲಿದ್ದರೆ ಯಂತ್ರ ಏಳುವುದೇ ಇಲ್ಲ.

ಎಲ್‌ಇಡಿಗಳಿಗೆ 5 ವೋಲ್ಟಿನ ಬದಲು ನೇರ ಸೆಲ್ಲಿನ ವಿದ್ಯುತ್ ಕೊಡುವುದಕ್ಕೆ ಕಾರಣ ಇದೆ. ಈ ಎಲ್‌ಇಡಿ ಡೇಟಾ ಗೆರೆಯಲ್ಲಿ ತನ್ನ ವೋಲ್ಟೇಜಿನ ಹತ್ತರಲ್ಲಿ ಏಳು ಪಾಲು ಕಂಡರೆ ಮಾತ್ರ '1' ಎಂದು ಒಪ್ಪುತ್ತದೆ. 5 ವೋಲ್ಟ್ ಕೊಟ್ಟರೆ 3.5 ಬೇಕು, ಬೋರ್ಡು ಕೊಡುವುದು 3.3. ಕೆಲವೊಮ್ಮೆ ನಡೆಯುತ್ತದೆ, ಕೆಲವೊಮ್ಮೆ ಹುಚ್ಚು ಬಣ್ಣ ತೋರಿಸುತ್ತದೆ. ತುಂಬಿದ ಸೆಲ್ಲಿನ 4.2 ವೋಲ್ಟಿಗೆ ಬೇಕಾದ್ದು 2.94 ಅಷ್ಟೇ, ನಿಶ್ಚಿಂತೆ.

ಸೆಲ್ಲಿನ ಮಟ್ಟ ನೋಡಲು ಔಟ್‌ಪ್ಲಸ್‌ನಿಂದ ಎ0 ಬಿಂದುವಿಗೆ 100 ಕಿಲೋಓಮ್. ಡಿ1 ಮಿನಿಯೊಳಗೆ ಮೊದಲೇ 220 ಮತ್ತು 100 ಕಿಲೋಓಮಿನ ಜೋಡಿ ಇರುವುದರಿಂದ, ಇದನ್ನು ಸೇರಿಸಿದರೆ 4.2 ವೋಲ್ಟ್ ಎಂದರೆ ಸರಿಯಾಗಿ 1023 ಎಂದು ಓದುತ್ತದೆ. 877ಕ್ಕೆ ಇಳಿದರೆ 3.6 ವೋಲ್ಟ್. ಅಲ್ಲಿಂದ ಕೆಳಗೆ ಬೋರ್ಡಿನ 3.3 ವೋಲ್ಟ್ ಅಲುಗಾಡತೊಡಗುತ್ತದೆ, ಆ ಹೊತ್ತಿಗೆ ಪರದೆಯ ಹಿಂದಿನ ಡಬ್ಬಿಯಲ್ಲಿ ಕೆಂಪು ದೀಪ ಮಿನುಗಬೇಕು. ಕರಟದಲ್ಲಿ ಎಚ್ಚರಿಕೆ ದೀಪ ಇಡಬೇಡಿ, ಮುದುಕಿಯ ಕೈಯಲ್ಲಿ ಕೆಂಪು ಮಿನುಗಿದರೆ ಪ್ರೇಕ್ಷಕರು ಅದಕ್ಕೂ ಒಂದು ಅರ್ಥ ಹುಡುಕುತ್ತಾರೆ.

ಕರೆಂಟಿನ ಲೆಕ್ಕ: ಎಣ್ಣೆದೀಪದ ಬಣ್ಣಕ್ಕೆ ಕೆಂಪು 255, ಹಸಿರು 110, ನೀಲಿ 20. ಒಂದು ಬಣ್ಣಕ್ಕೆ 20 ಮಿಲಿಆಂಪ್ ಹಿಡಿದರೆ ಎಲ್‌ಇಡಿಗೆ ಸುಮಾರು 30, ಏಳಕ್ಕೆ 210. ಅದನ್ನು 60 ಪ್ರತಿಶತಕ್ಕೆ ಕಟ್ಟಿಹಾಕಿದರೆ 130ರ ಒಳಗೆ. ಬೋರ್ಡಿನದು ಸುಮಾರು 80. ಏಳೂ ಉರಿಯುತ್ತಿದ್ದರೂ ಎರಡು ಗಂಟೆ ಧಾರಾಳ.

ಬಿಲ್ಲೆಯ ಮುಂದೆ ಅರ್ಧ ಕೊಯ್ದ ಟೇಬಲ್ ಟೆನ್ನಿಸ್ ಚೆಂಡು ಇಟ್ಟರೆ ಬೆಳಕು ಚುಕ್ಕೆಚುಕ್ಕೆಯಾಗದೆ ಹರಡಿಕೊಳ್ಳುತ್ತದೆ. ಹಳೆಯ ಸೆಲ್ಯುಲಾಯ್ಡ್ ಚೆಂಡು ಬೇಡ, ಅದು ಬೇಗ ಹೊತ್ತಿಕೊಳ್ಳುವ ವಸ್ತು. ಹೊಸ ಪ್ಲಾಸ್ಟಿಕ್ಕಿನದು ಇರಲಿ. ಬೋರ್ಡನ್ನು ನೆಟ್ಟಗೆ, ಆಂಟೆನಾ ತುದಿ ಕಣ್ಣುಗಳ ಕಡೆಗೆ ಬರುವಂತೆ ನಿಲ್ಲಿಸಿ. ಅಂಗೈಯಲ್ಲಿರುವುದು ಹೆಚ್ಚಿನ ಪಾಲು ನೀರು, ನೀರು ಈ ಅಲೆಯನ್ನು ಕುಡಿದುಬಿಡುತ್ತದೆ. ಆಂಟೆನಾ ಅಂಗೈಗೆ ತಾಗುವ ಬುಡದಲ್ಲಿದ್ದರೆ ಮೇಜಿನ ಮೇಲಿಟ್ಟಾಗ ಚೆನ್ನಾಗಿ ನಡೆದ ಯಂತ್ರ ಕೈಗೆ ಹೋದ ಕೂಡಲೇ ತಡವರಿಸುತ್ತದೆ. ಸೆಲ್ಲಿನ ಸುತ್ತ ಮೆತ್ತನೆಯ ಫೋಮ್ ಇಟ್ಟು ಸಿಕ್ಕಿಸಿ, ಅಂಟಿಸಬೇಡಿ. ಉಬ್ಬಿದ ಸೆಲ್ಲನ್ನು ಚುಚ್ಚದೆ ತೆಗೆಯಲು ಬರಬೇಕು.

ಲಾಟೀನು

ಚೌಕಟ್ಟಿಗೆ ಆಕಾಶಬುಟ್ಟಿ ಕಟ್ಟಿ ಗೊತ್ತಿರುವವರ ಕೈ ಸಾಕು. ಬಿದಿರು ಕಡ್ಡಿ, ಬೆಣ್ಣೆ ಕಾಗದ, ಮೈದಾ ಅಂಟು. ಮಳೆಗಾಲದಲ್ಲಿ ಮೈದಾ ಅಂಟಿಗೆ ಮೂರೇ ದಿನದಲ್ಲಿ ಬೂಸಲು ಹಿಡಿಯುತ್ತದೆ. ಪುಸ್ತಕ ಕಟ್ಟುವವರು ಮಾಡುವಂತೆ ಅಂಟು ಕುದಿಸುವಾಗ ಚಿಟಿಕೆ ಮೈಲುತುತ್ತ ಹಾಕಿ. ಅಡಿಕೆ ತೋಟವಿರುವ ಮನೆಯಲ್ಲಿ ಕೊಳೆಮದ್ದಿಗೆ ತಂದದ್ದು ಇದ್ದೇ ಇರುತ್ತದೆ. ಅದು ವಿಷ, ಅಂಟು ಹಚ್ಚುವ ಕೆಲಸ ದೊಡ್ಡವರಿಗೆ ಬಿಡಿ, ಕೈ ತೊಳೆಯಿರಿ. ತಾಮ್ರದ ಉಪ್ಪಾದ್ದರಿಂದ ಬ್ಯಾಟರಿಯ ತಗಡಿಗೆ ಈ ಅಂಟು ತಾಗದಿರಲಿ, ತಾಗಿದರೆ ಕೊರೆದುಬಿಡುತ್ತದೆ.

ಬೆಳಕಿಗೆ 12 ವೋಲ್ಟಿನ 'ವಾರ್ಮ್ ವೈಟ್' ಪಟ್ಟಿ, ಮೀಟರಿಗೆ 60 ಎಲ್‌ಇಡಿ ಇರುವ 2835 ಬಗೆಯದು, ಒಂದು ಲಾಟೀನಿಗೆ 30 ಸೆಂಟಿಮೀಟರ್. ಮೂರು ಎಲ್‌ಇಡಿಗೊಮ್ಮೆ ಕತ್ತರಿ ಗುರುತಿರುತ್ತದೆ, ಬೇರೆಡೆ ಕತ್ತರಿಸಿದರೆ ಆ ತುಂಡು ಉರಿಯದು. ಪಟ್ಟಿಯನ್ನು ನಡುವಿನ ಬಿದಿರು ಕೋಲಿಗೆ ಸುರುಳಿಯಾಗಿ ಸುತ್ತಿ. ಇದರ ಬಣ್ಣ ಸುಮಾರು 3000 ಕೆಲ್ವಿನ್, ಎಣ್ಣೆದೀಪದ ಜ್ವಾಲೆಯದು 1900ರ ಹತ್ತಿರ. ಬರಿ ಪಟ್ಟಿ ಹಾಕಿದರೆ ಹೊನ್ನೆ ಎಣ್ಣೆಯ ದೀಪದಂತೆ ಕಾಣದೆ ಬೀದಿದೀಪದಂತೆ ಕಾಣುತ್ತದೆ. ಕಾಗದಕ್ಕೆ ಬಣ್ಣ ಕೊಡಬೇಕು. ಅರಿಶಿನದ ನೀರು ಮೊದಲ ದಿನ ಅದ್ಭುತ, ಆದರೆ ಬಿಸಿಲಿಗೆ ಬೇಗ ಮಾಸುತ್ತದೆ. ಗಟ್ಟಿ ಚಹಾ ಡಿಕಾಕ್ಷನ್ ಎರಡು ಕೈ ಹಚ್ಚಿದ್ದು ಚೆನ್ನಾಗಿ ನಿಲ್ಲುತ್ತದೆ. ಇನ್ನೊಂದು ಅನುಕೂಲವೂ ಇದೆ: ಎಲ್‌ಇಡಿ ಮಬ್ಬಾಗುತ್ತ ಹೋದಾಗ ಹಳೆಯ ಬಲ್ಬಿನಂತೆ ಕೆಂಪಾಗುವುದಿಲ್ಲ, ಬೂದಿ ಬಣ್ಣಕ್ಕೆ ತಿರುಗಿದಂತೆ ಕಾಣುತ್ತದೆ. ಚಹಾದ ಕಾಗದ ಆ ಬೂದಿತನವನ್ನು ಮರೆಮಾಚುತ್ತದೆ.

ಪಟ್ಟಿಯನ್ನು ಹತ್ತಿಸಿ ಆರಿಸಲು ಐಆರ್‌ಎಲ್‌ಝಡ್44ಎನ್ ಮಾಸ್‌ಫೆಟ್, ಅಂದರೆ 'ಗೇಟು' ಎಂಬ ಕಾಲಿಗೆ ವೋಲ್ಟೇಜು ಕೊಟ್ಟರೆ ತೆರೆದುಕೊಳ್ಳುವ ಎಲೆಕ್ಟ್ರಾನಿಕ್ ಸ್ವಿಚ್ಚು. ಹೆಸರಿನಲ್ಲಿ 'ಎಲ್' ಇರುವುದನ್ನು ನೋಡಿಯೇ ತನ್ನಿ. ಐಆರ್‌ಎಫ್‌ಝಡ್44ಎನ್ ನೋಡಲು ಅದರದೇ ಅವಳಿ, ಅಂಗಡಿಯಲ್ಲಿ ಬದಲಿಗೆ ಅದನ್ನೇ ಕೊಡುವುದೂ ಉಂಟು. ಅದರ ಗೇಟು ತೆರೆಯತೊಡಗುವುದೇ 2ರಿಂದ 4 ವೋಲ್ಟ್ ನಡುವೆ, ಬೋರ್ಡಿನ 3.3ಕ್ಕೆ ಒಂದು ಲಾಟೀನು ಪೂರ್ತಿ, ಇನ್ನೊಂದು ಅರೆಬರೆ, ಮತ್ತೊಂದು ಉರಿಯುವುದೇ ಇಲ್ಲ. 'ಎಲ್' ಬಗೆಯದು 1ರಿಂದ 2 ವೋಲ್ಟಿಗೆ ತೆರೆಯುತ್ತದೆ. ಲಾಟೀನಿನ ಡಿ1 ಮಿನಿ ಬೋರ್ಡಿನ ಡಿ1 ಬಿಂದುವಿನಿಂದ 220 ಓಮ್ ಮೂಲಕ ಗೇಟಿಗೆ.

ಗೇಟಿನ ಇನ್ನೊಂದು ರೆಸಿಸ್ಟರಿನ ವಿಷಯ ಸ್ವಲ್ಪ ನಿಂತು ನೋಡಬೇಕು. ರೂಢಿಯಲ್ಲಿ 10 ಕಿಲೋಓಮನ್ನು ಗೇಟಿನಿಂದ ಮೈನಸ್‌ಗೆ ಹಾಕುತ್ತಾರೆ, ಬೋರ್ಡು ಸತ್ತರೆ ಹೊರೆ ಆರಿರಲಿ ಎಂದು. ಇಲ್ಲಿ ಅದನ್ನು 3.3 ವೋಲ್ಟಿನ ಕಡೆಗೆ ಹಾಕಿದೆ. ಬೋರ್ಡಿನ ಪ್ರೋಗ್ರಾಂ ಸಿಕ್ಕಿಬಿದ್ದರೆ, ಮರುಚಾಲೂ ಆದರೆ ಲಾಟೀನು ಉರಿಯುತ್ತದೆ. ಕತ್ತಲೆ ವೇದಿಕೆಯ ಮೇಲೆ ಹದಿನೈದು ಮಕ್ಕಳು ಓಡಾಡುತ್ತಿರುತ್ತಾರೆ. ಯಂತ್ರ ತಪ್ಪುವುದಾದರೆ ಬೆಳಕಿನ ಕಡೆಗೇ ತಪ್ಪಬೇಕು.

ವಿದ್ಯುತ್ತಿಗೆ ಮೂರು 18650 ಲಿಥಿಯಂ ಸೆಲ್ಲು ಸಾಲಾಗಿ, 3ಎಸ್ (ಸಾಲಾಗಿ ಮೂರು ಸೆಲ್ಲಿನ) ರಕ್ಷಣಾ ಬೋರ್ಡಿನ ಜೊತೆಗೆ. 12.6 ವೋಲ್ಟಿನ ಚಾರ್ಜರಿನಲ್ಲೇ ಚಾರ್ಜು ಮಾಡಬೇಕು. ಬೋರ್ಡಿಗೆ 5 ವೋಲ್ಟ್ ಕೊಡಲು ವೋಲ್ಟೇಜು ಇಳಿಸುವ ಎಂಪಿ1584 ಬಕ್ ಮಾಡ್ಯೂಲು, ಬೋರ್ಡಿಗೆ ಸಿಕ್ಕಿಸುವ ಮೊದಲೇ ಮೀಟರಿನಿಂದ 5.0ಕ್ಕೆ ತಿರುಗಿಸಿಡಿ. 2000 ಮಿಲಿಆಂಪ್-ಅವರ್ ಸೆಲ್ಲಿದ್ದರೆ ರಾತ್ರಿಯಿಡೀ ನಡೆಯುವ ಆಟಕ್ಕೂ ಸಾಕು.

ಸುಲಭ ಎಂದು ಪವರ್‌ಬ್ಯಾಂಕ್ ಹಾಕಲು ಮನಸ್ಸಾಗುತ್ತದೆ. ಬೇಡ. ಎಷ್ಟೋ ಪವರ್‌ಬ್ಯಾಂಕುಗಳು ಕರೆಂಟು ಕಡಿಮೆಯಾದರೆ ಫೋನು ತುಂಬಿತು ಎಂದುಕೊಂಡು ತಾವೇ ಬಂದಾಗುತ್ತವೆ. ಮುದುಕಿ ದೀಪ ನುಂಗಿದಳು, ಅರ್ಧ ನಿಮಿಷಕ್ಕೆ ಪವರ್‌ಬ್ಯಾಂಕ್ ಮಲಗಿತು, ಕೊನೆಯ ದೃಶ್ಯದಲ್ಲಿ ಹುಡುಗಿ ಎಷ್ಟು ಒತ್ತಿದರೂ ಆ ಮನೆಯ ಬೆಳಕು ಬರಲಿಲ್ಲ ಎಂದಾಗುತ್ತದೆ. ಕಥೆಯ ನಿಯಮವೇ ಮುರಿದಂತೆ.

ಒಂದೇ ಬೈಟಿನಲ್ಲಿ ಊರಿನ ಬೆಳಕು

ಎಲ್ಲ ಬೋರ್ಡುಗಳೂ ಇಎಸ್‌ಪಿ-ನೌ ಎಂಬ ವಿಧಾನದಲ್ಲಿ ಮಾತಾಡುತ್ತವೆ. ರೌಟರ್ ಬೇಡ, ಪಾಸ್‌ವರ್ಡ್ ಬೇಡ. ಎಲ್ಲವೂ ಒಂದೇ ಚಾನೆಲ್ಲಿನಲ್ಲಿರಬೇಕು ಅಷ್ಟೇ.

ಮೊದಲ ಆವೃತ್ತಿಯಲ್ಲಿ ಗುಂಡಿ ಒತ್ತಿದಾಗ ಕರಟ 'ಮೂರನೇ ದೀಪ, ಬದಲಾಗು' ಎಂದು ಒಮ್ಮೆ ಕೂಗುತ್ತಿತ್ತು. ಆ ಒಂದು ಕೂಗು ತಪ್ಪಿದರೆ ಮುಗಿಯಿತು: ಕರಟದಲ್ಲಿ ಬೆಳಕು ಬಂತು, ದೀಪವೂ ಉರಿಯುತ್ತಿದೆ. ಮತ್ತೆ ಒತ್ತಿದರೆ ಎಲ್ಲ ತಲೆಕೆಳಗು. ಪ್ರೇಕ್ಷಕರ ಕಿಸೆಯಲ್ಲಿ ನೂರಾರು ಫೋನುಗಳು ಇದೇ ಅಲೆಯಲ್ಲಿ ಗದ್ದಲ ಮಾಡುತ್ತಿರುವಾಗ ಕೂಗು ತಪ್ಪದೇ ಇರುವುದಿಲ್ಲ.

ಈಗ ಕರಟ ಆಜ್ಞೆ ಕೊಡುವುದಿಲ್ಲ, ಲೆಕ್ಕ ಹೇಳುತ್ತದೆ. ಏಳು ದೀಪಕ್ಕೆ ಏಳು 'ಬಿಟ್' (0 ಅಥವಾ 1 ಹಿಡಿಯುವ ಜಾಗ), 0 ಎಂದರೆ ಬೆಳಕು ಮನೆಯಲ್ಲಿದೆ, 1 ಎಂದರೆ ಕರಟದಲ್ಲಿದೆ. ಆ ಒಂದು ಬೈಟನ್ನು ಪ್ರತಿ 100 ಮಿಲಿಸೆಕೆಂಡಿಗೊಮ್ಮೆ, ಯಾರೂ ಏನೂ ಒತ್ತದಿದ್ದರೂ, ಸಾರುತ್ತಲೇ ಇರುತ್ತದೆ. ಐದಾರು ಸಲ ತಪ್ಪಿದರೂ ಏಳನೆಯದು ಮುಟ್ಟುತ್ತದೆ. ಕರಟದ ಏಳು ಎಲ್‌ಇಡಿಗಳೂ ಅದೇ ಬೈಟನ್ನೇ ನೋಡಿ ಉರಿಯುವುದರಿಂದ ಒಂದು ಬೆಳಕು ಎರಡು ಕಡೆ ನಿಲ್ಲುವುದಾಗಲಿ ಎಲ್ಲೂ ಇಲ್ಲದಾಗುವುದಾಗಲಿ ಸಾಧ್ಯವೇ ಇಲ್ಲ. ಇಡೀ ಯಂತ್ರದಲ್ಲಿ ಅತಿ ಮುಖ್ಯವಾದ ನಿರ್ಧಾರ ಯಾವುದೆಂದರೆ ಇದು.

ಹೀಗೆ ಸಾರುವ ಒಂದೊಂದು ಪ್ಯಾಕೆಟ್ಟಿನಲ್ಲಿ ಒಟ್ಟು ಆರು ಬೈಟ್: ಗುರುತಿಗೆ ಒಂದು, ಕ್ರಮಸಂಖ್ಯೆಗೆ ನಾಲ್ಕು, ದೀಪಗಳಿಗೆ ಒಂದು. ಕ್ರಮಸಂಖ್ಯೆಗೆ ಎರಡು ಬೈಟ್ ಸಾಕೆನಿಸುತ್ತದೆ, ಸಾಕಾಗದು. 65,536ಕ್ಕೆ ಅದು ಮತ್ತೆ ಸೊನ್ನೆಗೆ ಬರುತ್ತದೆ, ಸೆಕೆಂಡಿಗೆ ಹತ್ತರಂತೆ 1 ಗಂಟೆ 49 ನಿಮಿಷ. ಅಲ್ಲಿಂದ ಮುಂದೆ ಲಾಟೀನುಗಳು 'ಇದು ಹಳೆಯ ಸುದ್ದಿ' ಎಂದು ಕರಟದ ಮಾತು ಕೇಳುವುದನ್ನೇ ಬಿಡುತ್ತವೆ. ತಾಲೀಮಿನಲ್ಲಿ ಈ ತಪ್ಪು ಸಿಗುವುದೇ ಇಲ್ಲ, ತಾಲೀಮು ಅಷ್ಟು ಹೊತ್ತು ನಡೆಯುವುದಿಲ್ಲವಲ್ಲ.

ಕಾವಲು ಡಬ್ಬಿಯ ಕೆಲಸ ಎರಡು. ಕರಟ ಹೇಳಿದ್ದನ್ನು ಕೇಳಿ ಅದೇ ಸಂಖ್ಯೆಯೊಡನೆ ಮತ್ತೊಮ್ಮೆ ಸಾರುವುದು ಒಂದು. ಮುದುಕಿ ಪ್ರೇಕ್ಷಕರಿಗೆ ಬೆನ್ನು ಹಾಕಿ ನಿಂತು ಅವಳ ಮೈಯೇ ಅಡ್ಡಬಂದಾಗ ಇದು ಉಪಯೋಗಕ್ಕೆ ಬರುತ್ತದೆ. ಕರಟ ಕೈಜಾರಿ ಬಿದ್ದು ಮರುಚಾಲೂ ಆದರೆ ಲೆಕ್ಕ ನೆನಪಿಸುವುದು ಇನ್ನೊಂದು. ಕರಟ ಎದ್ದ ಕೂಡಲೇ ಅರ್ಧ ಸೆಕೆಂಡ್ ಸುಮ್ಮನಿದ್ದು ಡಬ್ಬಿಯ ಮಾತು ಕೇಳಿ, ಅಲ್ಲಿದ್ದ ಸಂಖ್ಯೆಯನ್ನೂ ಬೈಟನ್ನೂ ತನ್ನದಾಗಿಸಿಕೊಂಡು ಮುಂದುವರಿಯುತ್ತದೆ. ಎಂಟು ಸೆಕೆಂಡ್ ಯಾರ ದನಿಯೂ ಕೇಳದಿದ್ದರೆ ಲಾಟೀನು ತಾನಾಗಿಯೇ ಮೆಲ್ಲಗೆ ಹತ್ತಿಕೊಳ್ಳುತ್ತದೆ.

ಪ್ಯಾಕೆಟ್ ಬಂದಾಗ ಕರೆಯಲ್ಪಡುವ ಫಂಕ್ಷನ್ನಿನೊಳಗೆ ಬೆಳಕು ಏರಿಳಿಸುವ ಕೆಲಸ ಮಾಡಬೇಡಿ. ಆರು ಬೈಟ್ ನಕಲು ಮಾಡಿಕೊಂಡು ಹೊರಬನ್ನಿ, ಉಳಿದದ್ದು ಮುಖ್ಯ ಲೂಪಿನಲ್ಲಿ ನಡೆಯಲಿ.

ಬೆಳಕು ನಡೆದು ಹೋದಂತೆ ಕಾಣುವುದು

ಇಲ್ಲಿಂದ ಮುಂದಿನದು ಎಲೆಕ್ಟ್ರಾನಿಕ್ಸ್ ಅಲ್ಲ, ಕಣ್ಣಿನ ವಿಷಯ. ತಾಲೀಮಿನ ಅರ್ಧ ಸಮಯ ಇದಕ್ಕೇ ಕೊಟ್ಟರೂ ನಷ್ಟವಿಲ್ಲ.

ಆರುವ ದೀಪಕ್ಕೆ ಕಾಂತಿ ಹೆಚ್ಚು ಎನ್ನುತ್ತಾರಲ್ಲ, ಅದನ್ನೇ ಅಕ್ಷರಶಃ ಮಾಡಿದೆ. ಲಾಟೀನು ಸದಾ 70 ಪ್ರತಿಶತದಲ್ಲಿ ಉರಿಯುತ್ತದೆ. ನುಂಗುವ ಸಂಕೇತ ಬಂದಾಗ 120 ಮಿಲಿಸೆಕೆಂಡ್ 100ಕ್ಕೆ ಹಾರಿ, ಆಮೇಲೆ 600 ಮಿಲಿಸೆಕೆಂಡಿನಲ್ಲಿ ಸೊನ್ನೆಗೆ ಇಳಿಯುತ್ತದೆ. ಆ ಹಾರಿಕೆಯಿಂದ ಎಲ್ಲರ ಕಣ್ಣು ಆ ದೀಪದ ಕಡೆ ತಿರುಗುತ್ತದೆ. ಕರಟದ ಎಲ್‌ಇಡಿ ಏಳುವುದು ಒತ್ತಿದ 350 ಮಿಲಿಸೆಕೆಂಡಿನ ನಂತರ, ಪೂರ್ತಿಯಾಗುವುದು 900ಕ್ಕೆ. ದೀಪ ಅರ್ಧ ಇಳಿದಾಗ ಕರಟ ಏಳತೊಡಗುತ್ತದೆ, ಕಣ್ಣು ಅಲ್ಲಿಂದ ಇಲ್ಲಿಗೆ ತಾನೇ ಬರುತ್ತದೆ. ನಡುವೆ ಏನೂ ಹಾರದಿದ್ದರೂ ಹಾರಿದಂತೆ ಅನಿಸುತ್ತದೆ.

ಹಿಂದಿರುಗಿಸುವಾಗ ಕ್ರಮ ತಿರುವುಮುರುವು. ಕೊಡುವವರು ಮೊದಲು ಮಬ್ಬಾಗಬೇಕು. ಲಾಟೀನು ಮೊದಲು ಹತ್ತಿ ಆಮೇಲೆ ಕರಟ ಮಬ್ಬಾದರೆ ಹೊಸ ಬೆಳಕೊಂದು ಹುಟ್ಟಿದಂತೆ ಕಾಣುತ್ತದೆ. ಒಂದು ಕಾಲು ಸೆಕೆಂಡಿನ ವ್ಯತ್ಯಾಸ, ಆದರೆ ಮುಂದಿನ ಸಾಲಿನಲ್ಲಿ ಕೂತ ಚಿಕ್ಕ ಮಕ್ಕಳಿಗೂ ಅದು ತಿಳಿಯುತ್ತದೆ.

ಇಳಿಕೆ ನೇರ ಗೆರೆಯಲ್ಲಿದ್ದರೆ ಬಹಳ ಹೊತ್ತು ಏನೂ ಆಗದಂತೆ ಕಂಡು ಕೊನೆಗೆ ಧಡಕ್ಕನೆ ಬೀಳುತ್ತದೆ, ಕಣ್ಣು ಬೆಳಕನ್ನು ಅಳೆಯುವ ರೀತಿಯೇ ಬೇರೆ. ಮಟ್ಟವನ್ನು 0ರಿಂದ 1ರೊಳಗಿನ ಸಂಖ್ಯೆ ಎಂದುಕೊಂಡು 2.2ರ ಘಾತಕ್ಕೆ ಏರಿಸಿ 1023ರಿಂದ ಗುಣಿಸಿ. ಅರ್ಧ ಮಟ್ಟಕ್ಕೆ ಸುಮಾರು 223 ಬರುತ್ತದೆ. ಇಎಸ್‌ಪಿ8266ರ ಆರ್ಡುಯಿನೋ ಕೋರ್ 3.0ರಿಂದ ಬೆಳಕಿನ ಮಟ್ಟ ಕೊಡುವ ಅನಲಾಗ್‌ರೈಟ್ ಆಜ್ಞೆಯ ಮೂಲ ಮಿತಿ 255 ಆಗಿದೆ, ಅದನ್ನು ಮೊದಲೇ 1023ಕ್ಕೆ ಹೊಂದಿಸಿಕೊಳ್ಳಿ. 255ರಲ್ಲೇ ಬಿಟ್ಟರೆ ಕೊನೆಯ ಕೆಲವು ಮೆಟ್ಟಿಲುಗಳು ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತವೆ. ಈ ಚಿಪ್ಪಿನಲ್ಲಿ ಪಿಡಬ್ಲ್ಯುಎಂ (ವೇಗವಾಗಿ ಹತ್ತಿಸಿ ಆರಿಸುತ್ತ ಬೆಳಕು ಮಬ್ಬಾಗಿಸುವ ಕ್ರಮ) ಸಾಫ್ಟ್‌ವೇರಿನಿಂದ ನಡೆಯುವುದು, ರೇಡಿಯೊ ಕೆಲಸದ ನಡುವೆ ತೀರ ಕೆಳಗಿನ ಮಟ್ಟಗಳು ನಡುಗುತ್ತವೆ. 8ರ ಕೆಳಗೆ ಬಂದರೆ ನೇರ ಸೊನ್ನೆಗೆ ಕೊಡಿ.

ವೇದಿಕೆಯ ದೊಡ್ಡ ದೀಪಗಳು ಪೂರ್ತಿ ಉರಿಯುತ್ತಿದ್ದರೆ ಇಷ್ಟೆಲ್ಲ ಮಾಡಿದ್ದೂ ವ್ಯರ್ಥ. ಮಂದ ನೀಲಿ ಒಂದನ್ನು ಉಳಿಸಿ ಬೇರೆಯವನ್ನು ತೆಗೆಯಿರಿ. ನಟಿಸುವ ಮಗುವಿಗೆ ಹೇಳಿಕೊಡಬೇಕಾದ್ದು ಎರಡೇ ಮಾತು: ಕರಟದ ಕಣ್ಣು ಜನರ ಕಡೆಗಿರಲಿ, ಒತ್ತಿದ ಮೇಲೆ ಕೈಯನ್ನು ಮೆಲ್ಲಗೆ ಎದೆಯ ಕಡೆಗೆ ಎಳೆದುಕೊ. ಹಿಂದೆ ಕೂತವರಿಗೆ ಮೂರು ಕಣ್ಣಿನ ಬೆಳಕು ಸಾಲದಿದ್ದರೆ ಏಣುಗಳನ್ನು ಬಿಟ್ಟು ಕರಟದ ಮೈಯಲ್ಲಿ 1.5 ಮಿಲಿಮೀಟರಿನ ತೂತುಗಳನ್ನು ಚೆಲ್ಲಿದಂತೆ ಕೊರೆಯಬಹುದು.

ಕಾರವಾರಕ್ಕೆ ಒಯ್ಯುವುದಾದರೆ

ಶಿರಸಿಯಲ್ಲಿ ಬರಿ ತೇವ, ಕಡಲತೀರದಲ್ಲಿ ಉಪ್ಪಿನ ಗಾಳಿ. ಬೆಸುಗೆ ಹಾಕಿದ ಜಾಗಗಳಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳ್ಳಗೆ ಬಳಿಯಿರಿ. ಆಂಟೆನಾ, ಯುಎಸ್‌ಬಿ ಬಾಯಿ, ಗುಂಡಿ ಇವಕ್ಕೆ ತಾಗಿಸಬೇಡಿ. 18650ರ ಹೋಲ್ಡರಿನ ಸ್ಪ್ರಿಂಗಿಗೆ ಉಪ್ಪು ಮೊದಲು ಹಿಡಿಯುತ್ತದೆ, ತಂತಿಯನ್ನು ಸ್ಪಾಟ್ ವೆಲ್ಡ್ ಮಾಡಿದ ಪ್ಯಾಕ್ ಇದ್ದರೆ ಆ ತಲೆನೋವಿಲ್ಲ. ಸೆಲ್ಲಿಗೆ ನೇರವಾಗಿ ಬೆಸುಗೆ ಮಾತ್ರ ಹಾಕಬೇಡಿ. ಪ್ರದರ್ಶನ ಮುಗಿದ ಮೇಲೆ ಸೆಲ್ಲುಗಳನ್ನು 3.8 ವೋಲ್ಟಿನ ಆಸುಪಾಸಿನಲ್ಲಿ ಬಿಟ್ಟು, ಸಿಲಿಕಾ ಜೆಲ್ ಪೊಟ್ಟಣದೊಡನೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಎಲ್ಲ ಲಾಟೀನಿಗೂ ಪ್ರೋಗ್ರಾಂ ಒಂದೇ. ಯಾವುದು ಎಷ್ಟನೇ ಮನೆ ಎನ್ನುವುದು ಡಿ5, ಡಿ6, ಡಿ7 ಬಿಂದುಗಳಿಂದ ಮೈನಸ್‌ಗೆ ಹಾಕುವ ಜಂಪರಿನಿಂದ ತಿಳಿಯುತ್ತದೆ. ಹಾಕಿದ್ದರೆ 1, 2, 4, ಮೂರೂ ಇದ್ದರೆ 7. ಹೆಚ್ಚಿನ ಒಂದು ಲಾಟೀನು ಕಟ್ಟಿಟ್ಟುಕೊಂಡರೆ ಪರದೆ ಏಳುವ ಐದು ನಿಮಿಷ ಮುಂಚೆಯೂ ಅದನ್ನು ಯಾವ ಮನೆಗಾದರೂ ಕೊಡಬಹುದು. ಜಂಪರ್ ಒಂದೂ ಇಲ್ಲದ ಲಾಟೀನಿನ ಸಂಖ್ಯೆ ಸೊನ್ನೆ, ಅದು ಯಾರ ಮಾತೂ ಕೇಳದೆ ಉರಿಯುತ್ತಲೇ ಇರುತ್ತದೆ. ಆಟಕ್ಕೆ ಮುಂಚೆ ಏಳನ್ನೂ ಒಮ್ಮೆ ನುಂಗಿಸಿ ನೋಡಿ, ಉರಿದು ಉಳಿದದ್ದರ ಬುಡ ಬಿಚ್ಚಿದರೆ ಜಂಪರ್ ಕಳಚಿ ಕಾಗದದ ತಳದಲ್ಲಿ ಬಿದ್ದಿರುತ್ತದೆ.